ಬಾಯಿಮನೆ

ಮೊದಲು ಕಚಕಚ ಜಗಿಯುವ ಸದ್ದು. ಆಮೇಲೆ ನಾಲಿಗೆ ಹೊರಳಿಸಿ ರಸವನ್ನೆಲ್ಲ ಒಂದು ಕೆನ್ನೆಗೆ ಕೂಡಿಸಿಕೊಳ್ಳುವ ಸದ್ದು. ಕೊನೆಗೆ ಸ್ಟೀಲಿನ ಬೋಗುಣಿಗೆ ಪಚಕ್ಕನೆ ಬೀಳುವ ಸದ್ದು. ಇಪ್ಪತ್ತು ಚಿಲ್ಲರೆ ಹೆಂಗಸರು ಸಾಲಾಗಿ ಕೂತು ಈ ಮೂರನ್ನೂ ಶುರುಮಾಡಿದರೆಂದರೆ, ಗಂಗಾಂಬಿಕೆಗೆ ಬೆಳಗ್ಗೆ ತಿಂದ ಉಪ್ಪಿಟ್ಟು ಹೊಟ್ಟೆಯೊಳಗೆ ಎದ್ದು ಕೂರುತ್ತಿತ್ತು. ನಾಲ್ಕು ವರ್ಷವಾದರೂ ರೂಢಿಯಾಗಿರಲಿಲ್ಲ. ಕರ್ಪೂರದ ಬಿಲ್ಲೆ ಗಂಟುಕಟ್ಟಿದ ಕರವಸ್ತ್ರವನ್ನು ಮೂಗಿಗೊತ್ತಿಕೊಂಡೇ ಅವಳು ಬೋಗುಣಿಗಳ ನಡುವೆ ಓಡಾಡುತ್ತಿದ್ದಳು. ಬೋಗುಣಿಯ ತಳದಲ್ಲಿ ನಾರುನಾರಾದ ಕಂದು ಚರಟ, ಅದರ ಮೇಲೆ ನೊರೆ, ನೊರೆಯ ಮೇಲೆ ಗುಳ್ಳೆ. ಗುಳ್ಳೆ ಒಡೆಯುವುದನ್ನು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಏನವ್ವ ಡಾಕ್ಟ್ರಮ್ಮ,” ಎಂದು ಸಾಲಿನ ತುದಿಯಿಂದ ರಾಚಮ್ಮ ಕೂಗುತ್ತಿದ್ದಳು, “ನಮ್ಮ ಬಾಯಿಗ ಸಂಬಳ ಕೊಡ್ತರ, ಸರಿ. ಮುಚ್ಕೊಂಡು ನಿಂತಿರ ನಿನ್ನ ಮೂಗಿಗ ಯಾರವ್ವ ಕೊಡ್ತರ?”

ಹೆಂಗಸರೆಲ್ಲ ನಗುತ್ತಿದ್ದರು. ನಕ್ಕಾಗ ಬಾಯಿಂದ ಚರಟದ ಚೂರು ಹಾರಿ ಗಂಗಾಂಬಿಕೆಯ ಬಿಳಿ ಕೋಟಿನ ಮೇಲೆ ಕೂರುತ್ತಿತ್ತು. ಅವಳು ಕೋಣೆಗೆ ಓಡಿಹೋಗಿ ಕೋಟು ಬದಲಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು.

ಕಪಿಲೆಯ ನಾಲೆಯ ದಂಡೆಯಲ್ಲಿದ್ದ ಆ ಕಟ್ಟಡಕ್ಕೆ ‘ಬಾಳೆ ಪುನಶ್ಚೇತನ ಕೇಂದ್ರ, ಜೈವಿಕ ನಿಯಂತ್ರಣ ಘಟಕ’ ಎಂಬ ಹಲಗೆ ಇತ್ತು. ಊರವರು ಮಾತ್ರ ಬಾಯಿಮನೆ ಎನ್ನುತ್ತಿದ್ದರು.

ಲೋಕದಿಂದ ಬಾಳೆ ಹೋಗಿ ಬಹಳ ಕಾಲವಾಗಿತ್ತು. ಸೊರಗುರೋಗದ ಹೊಸ ತಳಿಯೊಂದು ಮಣ್ಣಿನೊಳಗೇ ನಡೆದು ಬಂದು ಖಂಡಖಂಡಗಳ ತೋಟಗಳನ್ನು ನೆಲಕ್ಕೆ ಮಲಗಿಸಿತ್ತು. ಮದುವೆಯ ಚಪ್ಪರಕ್ಕೆ ಪ್ಲಾಸ್ಟಿಕ್ಕಿನ ಕಂಬ ಬಂತು. ತಾಂಬೂಲಕ್ಕೆ ಖರ್ಜೂರ ಬಂತು. ಪಂಚಾಮೃತದಲ್ಲಿ ಬಾಳೆಯ ಜಾಗ ಖಾಲಿ ಉಳಿಯಿತು. ಸಿಪ್ಪೆ ಸುಲಿಯುವುದು ಯಾವ ಕಡೆಯಿಂದ ಎಂದು ಕೇಳುವ ಮಕ್ಕಳು ಹುಟ್ಟಿ ದೊಡ್ಡವರಾದರು.

ಆ ರೋಗವನ್ನು ಕಣ್ಣಾರೆ ಕಂಡವರಿಗೆ ಅದರ ಮೇಲೆ ಹುಟ್ಟುವುದು ಭಯಕ್ಕಿಂತ ಹೇಸಿಗೆಯೇ. ಶಿಲೀಂಧ್ರ ಬೇರಿನಿಂದ ಒಳನುಗ್ಗಿ, ಗಿಡದ ನೀರಿನ ನಾಳಗಳಲ್ಲೇ ಮನೆಮಾಡಿ, ಅವನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ, ಕಾಂಡದ ಸುತ್ತ ಒದ್ದೆ ಲಂಗದಂತೆ ಜೋತುಬೀಳುತ್ತವೆ. ಬುಡ ಸೀಳುತ್ತದೆ. ಕಡಿದು ನೋಡಿದರೆ ಬೆಳ್ಳಗಿರಬೇಕಾದ ಗಡ್ಡೆಯಲ್ಲಿ ಕೆಂಗಂದು ಗೀರುಗಳು, ಮೂಗಿಗೆ ಬಡಿಯುವ ಕೊಳೆತ ಮೀನಿನಂಥ ನಾತ. ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರವನ್ನು ಸಗಣಿಗೊಬ್ಬರದಲ್ಲಿ ಬೆಳೆಸಿ ಹಾಕಿದರು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ನೀರಿನಲ್ಲಿ ಬೇರು ಅದ್ದಿದರು. ಹಳೆಯ ತಳಿಗೆ ಅವು ನಾಟಿದ್ದವು. ಈ ಹೊಸದು ಅವುಗಳ ತಲೆಯ ಮೇಲೇ ಕಾಲಿಟ್ಟು ನಡೆಯಿತು.

ಆದರೆ ತೊರೆಹುಂಡಿ ಎಂಬ ಒಂದು ಕೇರಿಯಷ್ಟಿದ್ದ ಊರಿನ ಹಿತ್ತಿಲುಗಳಲ್ಲಿ ರಸಬಾಳೆ ಸುಮ್ಮನೆ ಗೊನೆ ಹಾಕುತ್ತಲೇ ಇತ್ತು. ಅಲ್ಲಿಯವರಿಗೊಂದು ಪದ್ಧತಿ. ಬಾಳೆಯ ಕಂದು ನೆಡುವ ಮುಂಚೆ ಅದರ ಗಡ್ಡೆಯಿಂದ ಒಂದು ಹೋಳು ಕೊಯ್ದು ಮನೆಯ ಹೆಂಗಸು ಜಗಿಯಬೇಕು. ಜಗಿದು, ದೃಷ್ಟಿಯಾಗದಿರಲೆಂದು ಕೊಯ್ದ ಗಾಯದ ಮೇಲೇ ಥೂ ಎಂದು ಉಗಿಯಬೇಕು. ಎಷ್ಟು ತಲೆಮಾರು ಹೀಗೆ ನಡೆಯಿತೋ, ಬಾಯಿಂದ ಗಡ್ಡೆಗೆ, ಗಡ್ಡೆಯಿಂದ ಬಾಯಿಗೆ ಓಡಾಡುತ್ತ ಒಂದು ಬ್ಯಾಕ್ಟೀರಿಯಾ ಎರಡೂ ಕಡೆ ಒಗ್ಗಿಕೊಂಡಿತ್ತು. ಬಾಯೊಳಗೆ ಹಲ್ಲಿನ ಬುಡದಲ್ಲಿ ಅದರ ವಾಸ. ಗಡ್ಡೆಯೊಳಗೆ ನೀರಿನ ನಾಳದಲ್ಲಿ. ನಾಳದೊಳಗೆ ಶಿಲೀಂಧ್ರ ಎದುರಾದರೆ ಅದರ ಎಳೆಗಳನ್ನು ಕರಗಿಸಿ ಕುಡಿದುಬಿಡುತ್ತಿತ್ತು. ತಾಯಂದಿರು ಜಗಿದು ಮಕ್ಕಳ ಬಾಯಿಗಿಟ್ಟ ತುತ್ತಿನಿಂದ ಆ ಊರಿನ ಎಲ್ಲ ಬಾಯಿಗೂ ಅದು ಇಳಿದು ಬಂದಿತ್ತು.

ಗಂಗಾಂಬಿಕೆಯ ಗುಂಪು ಅದನ್ನು ಗಾಜಿನ ತಟ್ಟೆಯಲ್ಲಿ ಸಾಕಿ ನೋಡಿತು. ಕೂತಲ್ಲಿಗೆ ಊಟ ಬರತೊಡಗಿದ್ದೇ ಅದು ಸೋಮಾರಿಯಾಯಿತು. ಬದುಕಿರುತ್ತಿತ್ತು, ಆದರೆ ಶಿಲೀಂಧ್ರವನ್ನು ಮುಟ್ಟುತ್ತಿರಲಿಲ್ಲ. ಶೀತಪೆಟ್ಟಿಗೆಯಿಂದ ಎಬ್ಬಿಸಿದ್ದೂ ಅಷ್ಟೇ. ಉಗುಳನ್ನು ಸೀಸೆಯಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಗಾಳಿ ಬಡಿದು ಸಾಯುತ್ತಿತ್ತು. ಅದಕ್ಕೆ ಬಾಯಿಯೇ ಬೇಕು, ಹಸಿ ಗಡ್ಡೆಯೇ ಬೇಕು, ಬಾಯಿಂದ ಗಾಯಕ್ಕೆ ಬಿಸಿಬಿಸಿಯಾಗಿಯೇ ಹೋಗಬೇಕು. ಹಾಗಾಗಿ ತೊರೆಹುಂಡಿಯ ಹೆಂಗಸರು ಸಂಬಳದ ಮೇಲೆ ಬಂದು ಕೂತರು. ಬೋಗುಣಿ ತುಂಬುತ್ತಿದ್ದಂತೆ ಪಕ್ಕದ ಕೋಣೆಯಲ್ಲಿ ಕಂದುಗಳ ಗಾಯಕ್ಕೆ ಬಳಿಯುವುದು. ಅಲ್ಲಿಂದ ಹೋದ ಕಂದುಗಳು ನಾಡಿನ ತೋಟಗಳಲ್ಲಿ ಮತ್ತೆ ಗೊನೆ ಹಾಕಿದವು.

ಬಾಳೆಹಣ್ಣಿನ ಮೊದಲ ಚಿಪ್ಪು ಮನೆಗೆ ಬಂದ ದಿನ ಗಂಗಾಂಬಿಕೆಯ ಅತ್ತೆ ದಾಕ್ಷಾಯಿಣಮ್ಮ ಅದನ್ನು ಮುಟ್ಟಲೂ ಹೆದರಿ, ಬರೀ ವಾಸನೆ ನೋಡಿ ಕಣ್ಣೀರು ಹಾಕಿದ್ದರು. ಮಗ ಹುಬ್ಬಳ್ಳಿಯ ರೈಲ್ವೆಯಲ್ಲಿ, ಮನೆಯಲ್ಲಿ ಇವರಿಬ್ಬರೇ. ದೇವರ ಮುಂದೆ ಹಣ್ಣಿಟ್ಟು, ಬಾಯಿಪಾಠವಿದ್ದ ಷಟ್ಪದಿಗಳನ್ನು ರಾಗವಾಗಿ ಹೇಳಿ, ಸಿಪ್ಪೆಯನ್ನೂ ಎಸೆಯದೆ ತುಳಸಿಯ ಬುಡಕ್ಕೆ ಹಾಕಿದರು. “ಏನು ಪುಣ್ಯ ಮಾಡಿದ್ದೆನೋ ನಿನ್ನಂಥ ಸೊಸೆ ಪಡೆಯೋಕೆ,” ಎಂದರು. ಗಂಗಾಂಬಿಕೆ ಬೋಗುಣಿಯ ಸುದ್ದಿ ಎತ್ತಲಿಲ್ಲ. “ಒಂದು ಜೀವಾಣು ಕಂಡುಹಿಡಿದಿದ್ದೀವಿ ಅತ್ತೆ” ಎಂದಷ್ಟೇ ಹೇಳಿದ್ದಳು.

ಸುದ್ದಿ ಟಿವಿಯಲ್ಲಿ ಬಂತು. ಯಾರೋ ಗೋಡೆಯಾಚೆಯಿಂದ ಚಿತ್ರ ತೆಗೆದಿದ್ದರು. ಸಾಲಾಗಿ ಕೂತ ಹೆಂಗಸರು, ಪಚಕ್, ಪಚಕ್. ಆ ಸಂಜೆ ದಾಕ್ಷಾಯಿಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾದಿದ್ದರು.

“ಗಂಗಾ, ನಾನು ದೇವರಿಗೆ ಇಟ್ಟದ್ದು ಎಂಜಲೇನೇ?”

“ಗಿಡದೊಳಗೆ ಹೋದ ಮೇಲೆ ಎಂಜಲು ಎಲ್ಲಿರುತ್ತೆ ಅತ್ತೆ? ಗೊಬ್ಬರ ಹಾಕಿದ ಗಿಡದ ಹೂ ಇಡಲ್ವೇ?”

ಅತ್ತೆ ಅಳುತ್ತಾರೆ, ಚಿಪ್ಪನ್ನು ಎಸೆಯುತ್ತಾರೆ ಎಂದುಕೊಂಡಿದ್ದಳು. ಅವರು ಹತ್ತಿರ ಬಂದು ದನಿ ಇಳಿಸಿದರು. “ಅದು ಬಿಡು. ಯಾರ ಬಾಯಿಯದು, ಹೇಳು. ನಮ್ಮೋರದ್ದಾದ್ರೆ ಪರವಾಗಿಲ್ಲ.”

ಗಂಗಾಂಬಿಕೆಗೆ ತಟ್ಟನೆ ಬೋಗುಣಿಯ ಗುಳ್ಳೆ ಒಡೆದದ್ದು ಕಂಡಂತಾಯಿತು. ಆದರೆ ಈ ವಾಕರಿಕೆ ಮೂಗಿನಿಂದ ಬಂದದ್ದಲ್ಲ. ಕೈ ತೊಳೆಯಲು ಹೋದಳು.

ಅತ್ತೆಯೊಬ್ಬರೇ ಕೇಳಿದ ಪ್ರಶ್ನೆಯಾಗಿರಲಿಲ್ಲ ಅದು. ವಾರ ಕಳೆಯುವುದರೊಳಗೆ ಪೇಟೆಯಲ್ಲಿ ಚಿಪ್ಪುಗಳ ಮೇಲೆ ‘ಸಾತ್ವಿಕ ಬಾಯಿಯ ಬಾಳೆ’ ಎಂಬ ಚೀಟಿ ಬಂತು. ಚೀಟಿಯಲ್ಲಿ ಹಣೆಗೆ ಕುಂಕುಮವಿಟ್ಟ, ಸಾಲುಹಲ್ಲಿನ, ಬೆಳ್ಳಗಿನ ಹೆಂಗಸೊಬ್ಬಳ ನಗು. ಅವಳು ಗಡ್ಡೆಯನ್ನು ಕಂಡವಳೂ ಅಲ್ಲ. ಜನ ಆ ಚೀಟಿಯ ಹಣ್ಣನ್ನೇ ಕೇಳಿ ಕೊಂಡರು. ಬೇರೆಯದನ್ನು ಮೂಸಿ ಬಿಟ್ಟರು.

ನಿರ್ದೇಶಕ ಪ್ರಹ್ಲಾದ ಕಟ್ಟಿ ಗಂಗಾಂಬಿಕೆಯನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಹಸಿರು ಔಷಧದ ದೊಡ್ಡ ಕ್ಯಾನುಗಳಿದ್ದವು.

“ಬಾಯಿಮನಿ ಹಿಂಗ ಇದ್ದರ ಆಗೂದಿಲ್ಲ ನೋಡ್ರಿ. ವರ್ತಕರು ಬಂದು ನೋಡ್ತಾರಂತ. ಎಲ್ಲಾರೂ ಮುಂಜಾನಿ ಸಂಜಿ ಇದರಾಗ ಬಾಯಿ ಮುಕ್ಕಳಿಸಲಿ. ಮತ್ತ ಆ ತುದೀಗೆ ಕೂಡ್ತಾಳಲ್ಲ, ಎಲಿಯಡಿಕಿ ತಿಂದು ಹಲ್ಲು ಕರ್ರಗ ಮಾಡ್ಕೊಂಡಾಕಿ, ಆಕೀನ್ನ ಮನೀಗೆ ಕಳಸ್ರಿ.”

“ರಾಚಮ್ಮ, ಸರ್. ಅವರ ಬಾಯಿಯದೇ ಎಲ್ಲಕ್ಕಿಂತ ಚುರುಕು.”

“ಚುರುಕು ಯಾರಿಗೆ ಕಾಣ್ತದ್ರಿ? ಹಲ್ಲು ಕಾಣ್ತದ.”

ಔಷಧಕ್ಕೂ ಬ್ಯಾಕ್ಟೀರಿಯಾಕ್ಕೂ ಆಗಿಬರುತ್ತದೆಯೇ ಎಂದು ತಟ್ಟೆಯಲ್ಲಿಟ್ಟು ನೋಡಬೇಕಿತ್ತು. ಗಂಗಾಂಬಿಕೆಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಮರುದಿನ ಬಾಯಿಮನೆಗೆ ಕಾಲಿಟ್ಟಾಗ, ನಾಲ್ಕು ವರ್ಷದಲ್ಲಿ ಮೊದಲ ಸಲ, ಪುದೀನದ ತಂಪು ವಾಸನೆ ಎದುರುಗೊಂಡಿತು. ಅವಳು ಕರವಸ್ತ್ರವನ್ನು ಜೇಬಿಗಿಳಿಸಿ ಎದೆತುಂಬ ಉಸಿರೆಳೆದುಕೊಂಡಳು. ಪರೀಕ್ಷೆ ನಾಳೆ ಮಾಡಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಆಮೇಲೆ ಕಳಿಸಿದ ಕಂದುಗಳು ಹೋದ ಮೂರನೆಯ ತಿಂಗಳಿಗೆ, ಗಿಡ ಮತ್ತೆ ಸೊರಗುತ್ತಿದೆ ಎಂಬ ಮೊದಲ ದೂರು ಬಂತು. ಆಮೇಲೆ ದಿನಕ್ಕೊಂದು. ಅವಳು ಬೋಗುಣಿಗಳಿಂದ ತೆಗೆದ ಹನಿಗಳನ್ನು ಶಿಲೀಂಧ್ರದ ತಟ್ಟೆಗೆ ಹಾಕಿ ಕೂತು ನೋಡಿದಳು. ಮೊದಲೆಲ್ಲ ಹನಿಯ ಸುತ್ತ ಶಿಲೀಂಧ್ರ ಹಿಂದೆ ಸರಿದು ಗುಂಡಗೆ ಬಯಲು ಬೀಳುತ್ತಿತ್ತು. ಈಗ ಬಿಳಿ ಬೂಷ್ಟು ಹನಿಯ ಮೇಲೆಯೇ ಹಾಯ್ದು, ಅದನ್ನು ಹೊದ್ದು ಮಲಗಿತ್ತು. ಎಲ್ಲ ಬಾಯಿಗಳದೂ ಹೀಗೇ. ಔಷಧ ಹೆಂಗಸರ ವಸಡಿಗಿಳಿದು ಕೂತಿತ್ತು. ಅದು ಬಿಟ್ಟುಕೊಡುವವರೆಗೆ ಅಲ್ಲಿ ಯಾವುದೂ ನೆಲೆ ನಿಲ್ಲುವಂತಿರಲಿಲ್ಲ. ಊರಿನಲ್ಲಿ ಉಳಿದವರು ಹಳೆಯ ಪದ್ಧತಿ ಬಿಟ್ಟು, ಕೇಂದ್ರದ ಕಂದನ್ನೇ ನೆಡತೊಡಗಿ ಕಾಲವಾಗಿತ್ತು; ಜಗಿಯದ ಆ ಬಾಯಿಗಳಲ್ಲೂ ಅದು ಉಳಿದಿರಲಿಲ್ಲ.

ಉಳಿದದ್ದು ಒಂದೇ ಬಾಯಿ. ಮನೆಗೆ ಕಳುಹಿಸಿದ್ದರಿಂದ ಮುಕ್ಕಳಿಸದೆ ಉಳಿದ ಬಾಯಿ. ಅಲ್ಲಿಂದ ತಂದು ಮತ್ತೆ ಬಾಯಿಂದ ಬಾಯಿಗೆ ಹಬ್ಬಿಸದಿದ್ದರೆ, ಎರಡನೆಯ ಸಲ ಹೋಗುವ ಬಾಳೆ ಮರಳಿ ಬರುವುದಿಲ್ಲ. ರಾಚಮ್ಮನನ್ನು ಕರೆಯಲು ಹೋದವನು ಬರಿಗೈಯಲ್ಲಿ ಬಂದು, ಅವಳು ಬರುವುದಿಲ್ಲ, ಬೇಕಾದರೆ ಇನ್ನೊಂದು ಬಾಯಿಯನ್ನೇ ಕಳಿಸಿ ತುಂಬಿಸಿಕೊಂಡು ಹೋಗಿ ಎಂದು ಬೈದಳು ಎಂದ. ಸಭೆಯಲ್ಲಿ ಎಲ್ಲರೂ ನಕ್ಕರು. ಗಂಗಾಂಬಿಕೆ ನಗಲಿಲ್ಲ. ಉಳಿದಿದ್ದ ಒಂದೇ ದಾರಿ ಆ ಬೈಗುಳದಲ್ಲಿತ್ತು. ಯಾರು ಹೋಗುತ್ತೀರಿ ಎಂದು ಕಟ್ಟಿ ಕೇಳಿದಾಗ ಒಬ್ಬರು ಫ್ಯಾನು ನೋಡಿದರು, ಒಬ್ಬರು ಫೋನು ನೋಡಿದರು. “ನಾನು,” ಎಂದ ದನಿ ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಬಾಯಿ ಸಿದ್ಧವಾಗಬೇಕಿತ್ತು. ಹಲ್ಲುಜ್ಜುವಂತಿಲ್ಲ, ಉಪ್ಪುನೀರು ಮುಕ್ಕಳಿಸುವಂತಿಲ್ಲ, ಹೊತ್ತುಹೊತ್ತಿಗೆ ಹಸಿ ಗಡ್ಡೆ ಜಗಿಯಬೇಕು. ಗಡ್ಡೆಯ ಒಗರಿಗೆ ಕೆನ್ನೆಯ ಒಳಗೋಡೆ ಹೊಗೆ ಹಿಡಿದಂತಾಯಿತು. ಎರಡನೆಯ ದಿನಕ್ಕೆ ಹಲ್ಲಿನ ಮೇಲೆ ಪಾಚಿಯಂಥ ಜಾರುಪದರ ಕೂತಿತು. ನಾಲಿಗೆಯಿಂದ ಮುಟ್ಟಿ ನೋಡಿದಾಗಲೆಲ್ಲ ಅವಳಿಗೆ ತನ್ನ ಬಾಯಿ ತನ್ನದಲ್ಲ, ಯಾರೋ ಬಿಟ್ಟುಹೋದ ಪಾತ್ರೆ ಅನ್ನಿಸುತ್ತಿತ್ತು.

ದಾಕ್ಷಾಯಿಣಮ್ಮ ಮೂಗಿಗೆ ಸೆರಗು ಹಿಡಿದರು. “ದೇವರ ಮನೆಗೆ ಬರಬೇಡ ಗಂಗಾ. ಏನು ಮಾಡ್ಕೊಂಡಿದ್ದೀಯೇ ಬಾಯಿಗೆ?”

ಅವಳು ಹೇಳಿದಳು. ಈ ಸಲ ಒಂದನ್ನೂ ಮುಚ್ಚಿಡಲಿಲ್ಲ.

ಅತ್ತೆ ಸೆರಗು ಇಳಿಸದೆಯೇ, “ಬೇರೆ ಯಾರೂ ಸಿಗಲಿಲ್ವೇ ಅವರಿಗೆ?” ಎಂದರು.

“ಸಿಕ್ಕಿದ್ರಲ್ಲ ಅತ್ತೆ, ನಾಲ್ಕು ವರ್ಷ. ಅವರಿಗೂ ಮನೆ ಇತ್ತು. ಮನೇಲಿ ದೇವರೂ ಇದ್ರು.”

ಅವತ್ತು ದೇವರ ಮನೆಯಿಂದ ಷಟ್ಪದಿಯ ದನಿ ಕೇಳಲಿಲ್ಲ.

ತೊರೆಹುಂಡಿಗೆ ಜೀಪು ತಲುಪಿದಾಗ ಬಿಸಿಲು ಚೆನ್ನಾಗಿ ಏರಿತ್ತು. ರಾಚಮ್ಮ ಹಿತ್ತಿಲ ಬಾಳೆಯ ಹಿಂಡಿನ ನೆರಳಲ್ಲಿ, ಒಂದು ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಮುಖ ಒಂದು ಕಡೆ ಊದಿ ಕಣ್ಣು ಮುಚ್ಚಿಹೋಗಿತ್ತು.

“ಬಾರವ್ವ ಮೂಗಮ್ಮ. ಕೂತ್ಕ. ನಾಳಕ ಪ್ಯಾಟ ಆಸ್ಪತ್ರಲಿ ನನ್ನ ಹಲ್ಲ ಎಲ್ಲಾನೂವ ಕಿತ್ತಾಕ್ತರಂತ. ನಾಕು ವರ್ಷ ಒಗರ ಜಗುದು ಜಗುದು ವಸಡು ಕೊಳತೋಗದ.”

ಹಲ್ಲು ಹೋದರೆ ಅದರ ಬುಡದಲ್ಲಿದ್ದದ್ದೂ ಹೋಯಿತು. ಗಂಗಾಂಬಿಕೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. “ರಾಚಮ್ಮ, ಇವತ್ತೊಂದು ದಿನ ಕೇಂದ್ರಕ್ಕೆ ಬನ್ನಿ. ಕೈ ಮುಗೀತೀನಿ.”

“ಆ ಗೇಟ ನಾ ದಾಟಲ್ಲ ಕನವ್ವ. ನನ್ನ ಹಲ್ಲ ಫೋಟ ತಗುದು ಪ್ಯಾಟ ಗ್ವಾಡ ಮ್ಯಾಲ ಅಂಟ್ಸುದ್ರಲ್ಲ, ‘ಇಂಥ ಬಾಯಿ ನಮ್ಮಲ್ಲಿಲ್ಲ’ ಅಂತ ಬರ್ದು. ಮೊಮ್ಮಗಳು ಓದಿ ಹೇಳ್ತು. ಅಲ್ಲ ಕನ, ಇದ್ದಾಗ ತಿಂದರಲ್ಲ, ಆಗ ಯಾವ ಬಾಯಿ ಅಂತ ಗೊತ್ತಿರ್ನಿಲ್ವ?”

ಆ ಭಿತ್ತಿಪತ್ರವನ್ನು ಗಂಗಾಂಬಿಕೆ ಕಂಡಿದ್ದಳು. ಕಂಡು, ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿದ್ದಳು.

“ಹಾಗಾದ್ರೆ ನನ್ನ ಬಾಯಿಗೆ ಕೊಡಿ,” ಎಂದಳು.

“ಏನಂದಯ್?”

“ಬೋಗುಣಿಯಲ್ಲಿ ಸತ್ತುಹೋಗುತ್ತೆ. ನನ್ನ ಬಾಯಲ್ಲಿ ಒಯ್ತೀನಿ.”

ರಾಚಮ್ಮ ತೆರೆದಿದ್ದ ಒಂದು ಕಣ್ಣಲ್ಲಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎದ್ದು, ಮಚ್ಚು ತಂದು, ಒಂದು ಕಂದನ್ನು ಕಿತ್ತು ಗಡ್ಡೆಯ ಹೋಳು ಕೊಯ್ದಳು. ನೋವಿಲ್ಲದ ಕಡೆಯ ಹಲ್ಲುಗಳಲ್ಲಿ ನಿಧಾನ ಜಗಿದಳು. ಕೆನ್ನೆಯ ಬಾವು ಮೇಲೆ ಕೆಳಗೆ ಆಡುತ್ತಿತ್ತು. ತುಟಿಯ ಮೂಲೆಯಲ್ಲಿ ರಸ ಇಳಿಯಿತು. ಆಮೇಲೆ ಅಂಗೈಗೆ ಉಗಿದು ಕೈ ಚಾಚಿದಳು.

ಅದು ಬೆಚ್ಚಗಿತ್ತು. ಅದೇ ಎಲ್ಲಕ್ಕಿಂತ ಕಷ್ಟದ್ದು. ತಣ್ಣಗಿದ್ದಿದ್ದರೆ ಯಾವುದೋ ವಸ್ತು ಎಂದುಕೊಳ್ಳಬಹುದಿತ್ತು. ಗಂಗಾಂಬಿಕೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ಒಗರು, ಸುಣ್ಣ, ಹಳೆಯ ಎಲೆಯಡಿಕೆ, ಅದರಡಿಯಲ್ಲಿ ಕೀವಿನ ಸಿಹಿವಾಸನೆ. ನಾಲಿಗೆ ತಾನಾಗಿ ಹೊರಗೆ ತಳ್ಳಿತು. ಬಾಳೆಯ ಬುಡಕ್ಕೆ ಓಡಿ, ಮಂಡಿಯೂರಿ, ಎಲ್ಲವನ್ನೂ ಕಾರಿಕೊಂಡಳು.

ರಾಚಮ್ಮ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹತ್ತಿರ ಬಂದು ನಿಂತಳು.

“ಹೋಗವ್ವ. ಬಾಳ ಇಲ್ದೇ ಹೋದ್ರ ಲೋಕ ಮುಳುಗಲ್ಲ. ನೀನೂ ನಿನ್ನ ಮನಗ ಹೋಗು.”

ಗಂಗಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನೊಂದು ಸಲ ಜಗಿದುಕೊಡಕ್ಕ.”

ಎರಡನೆಯ ಹೋಳು ಜಗಿಯುವಾಗ ರಾಚಮ್ಮ ನೋವಿಗೆ ಹುಬ್ಬು ಗಂಟಿಕ್ಕಿದಳು. ಅಂಗೈಗೆ ಬಂದದ್ದರಲ್ಲಿ ಕೆಂಪು ಎಳೆಗಳಿದ್ದವು. “ರಕ್ತ ಬಂದದ. ಬ್ಯಾಡ ಬುಡು.”

“ಕೊಡಿ.”

ರಾಚಮ್ಮ ಈ ಸಲ ಕೈ ಚಾಚಲಿಲ್ಲ. ಎಡಗೈಯಿಂದ ಅವಳ ಗಲ್ಲ ಹಿಡಿದೆತ್ತಿ, ಕೂಸಿಗೆ ತುತ್ತಿಡುವ ಹಾಗೆ ಮೂರು ಬೆರಳಿಂದ ಬಾಯೊಳಗಿಟ್ಟು, ತುಟಿ ಮುಚ್ಚಿ ಹಿಡಿದಳು. “ನುಂಗಬ್ಯಾಡ. ಉಗೀಬ್ಯಾಡ. ಕೆನ್ನಗ ಇಟ್ಗಂಡಿರು. ಮೂಗಲ್ಲಿ ಉಸುರಾಡು, ಅದನ್ನ ಮುಚ್ಕಂಡೇ ಇಷ್ಟು ದಿನ ಕಳದಯ್.”

ಗಂಗಾಂಬಿಕೆ ಉಸಿರಾಡಿದಳು. ಹೊಟ್ಟೆ ಎರಡು ಸಲ ಎದ್ದು ಕೂತಿತು. ಎರಡು ಸಲವೂ ಅದನ್ನು ಕೆಳಗೆ ತಳ್ಳಿದಳು.

“ಅಸಯ್ಯ ಆಯ್ತದ?” ಎಂದಳು ರಾಚಮ್ಮ.

ಬಾಯಿ ತುಂಬಿದ್ದವಳಿಗೆ ನಯದ ಮಾತು ಆಡಲು ದಾರಿಯಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

“ಆಗ್ಲಿ. ನನಗೂವ ಆಯ್ತಿತ್ತು, ದಿನಾ. ಬೋಗುಣಿ ಕಂಡಲ್ಲ, ನಿನ್ನ ಮೂಗ ಕಂಡು.” ಅಷ್ಟು ಹೇಳಿ, ಕಿತ್ತ ಕಂದನ್ನು ಅವಳ ಕೈಗಿತ್ತು, ರಾಚಮ್ಮ ಬಟ್ಟೆ ಬಿಸಿ ಮಾಡಿಕೊಳ್ಳಲು ಒಳಗೆ ಹೋದಳು.

ಜೀಪು ನಾಲೆಯ ಏರಿಯ ಮೇಲೆ ಹತ್ತಿದಾಗ ಫೋನು ಬಂತು. ಚಾಲಕ ಜವರ ಅದನ್ನು ಗುಂಡಿಯೊತ್ತಿ ಅವಳ ಮುಂದೆ ಹಿಡಿದ. ಕಟ್ಟಿಯವರ ದನಿ ಗಾಡಿಯೆಲ್ಲ ತುಂಬಿತು.

“ಸಿಕ್ತೇನ್ರಿ ಗಂಗಾಂಬಿಕೆಯವರ? ಮಾತಾಡಬ್ಯಾಡ್ರಿ, ಸುಮ್ಮ ಹ್ಞೂಂ ಅನ್ರಿ.”

“ಹ್ಞೂಂ.”

“ಭಾಳ ಛಲೋ ಆತು! ಕೇಳ್ರಿ, ಇದು ಆಕೀ ಕಡಿಂದ ಬಂತಂತ ಎಲ್ಲೂ ಹೊರಗ ಬೀಳೂದು ಬ್ಯಾಡ. ವರ್ತಕರಿಗೆ ಹೇಳೇಬಿಟ್ಟೀನಿ ನಾನು. ಓದಿದವರು, ಛಲೋ ಮನಿತನದವರು, ಇನ್ನ ಮ್ಯಾಲ ನಮ್ಮ ಬಾಳಿ ಎಲ್ಲಾ ನಿಮ್ಮ ಬಾಯಿಂದಂತ. ಚೀಟಿ ಮ್ಯಾಲ ನಿಮ್ಮದಽ ಫೋಟೊ. ಎಲ್ಲಾರೂ ಖುಷಿ ಆಗ್ಯಾರ. ಮತ್ತ, ಮನಿಗೆ ಹೋಗಿ ಒಂಚೂರು ಹಲ್ಲು ತಿಕ್ಕೊಂಡು ಬರ್ರಿ, ಫೋಟೊದವನು ಕಾಯ್ತಾನ.”

ಕಾಲಿನ ಬೆರಳಿಂದ ಹಿಡಿದು ಏನೋ ಒಂದು ಮೇಲೇರಿ ಬಂತು. ರಾಚಮ್ಮನ ಹಿತ್ತಿಲಲ್ಲಿ ಬಂದ ವಾಕರಿಕೆ ಇದರ ಮುಂದೆ ಏನೂ ಅಲ್ಲ. ಅವಳು ಕಿಟಕಿಯ ಗಾಜು ಇಳಿಸಿ ತಲೆ ಹೊರಹಾಕಿದಳು. ತುಟಿ ಮುಂದೆ ಬಂತು, ಕೆನ್ನೆ ಬಿಗಿಯಿತು, ನಾಲಿಗೆ ತುತ್ತನ್ನು ಹಲ್ಲಿನ ಅಂಚಿಗೆ ತಂದು ನಿಲ್ಲಿಸಿತು. ಥೂ ಎನ್ನಲು ಇಡೀ ಮೈ ತಯಾರಾಗಿತ್ತು.

ಅವಳು ತುಟಿ ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು ಬಂದು ಗಾಳಿಗೆ ಕಿವಿಯ ಕಡೆ ಹರಿಯಿತು. ನಾಲಿಗೆಯನ್ನು ಹಿಂದೆಳೆದು, ತುತ್ತನ್ನು ಮತ್ತೆ ಕೆನ್ನೆಯ ಸಂದಿಗೆ ಸೇರಿಸಿ, ಅದರ ರಸ ತನ್ನ ಒಂದೊಂದು ಹಲ್ಲಿನ ಬುಡಕ್ಕೂ ಇಳಿದು ನೆಲೆಯೂರುವಂತೆ ನಿಧಾನ ಜಗಿಯತೊಡಗಿದಳು. ಫೋನಿನಲ್ಲಿ “ಹಲೋ, ಹಲೋ” ಎನ್ನುತ್ತಿದ್ದರು.

“ಆಫೀಸ್ಗಾ ಮನೆಗಾ ಮೇಡಂ?” ಎಂದು ಜವರ ಕೇಳಿದ, ಮುಖವನ್ನು ಆ ಕಡೆ ತಿರುಗಿಸಿಕೊಂಡೇ.

ಅವಳು ಎರಡಕ್ಕೂ ತಲೆಯಲ್ಲಾಡಿಸಿ, ಏರಿಯ ಕೆಳಗೆ ಎಲೆ ಹಳದಿಯಾಗಿ ಜೋತುಬಿದ್ದಿದ್ದ ಯಾರದೋ ಬಾಳೆತೋಟದ ಕಡೆ ಬೆರಳು ತೋರಿಸಿದಳು. ಮಡಿಲಲ್ಲಿದ್ದ ಕಂದನ್ನು ಎತ್ತಿಕೊಂಡು ಇಳಿದಳು. ತೋಟದವನು ಗುದ್ದಲಿ ಊರಿ ನಿಂತು, ಬಾಯುಬ್ಬಿಸಿಕೊಂಡು ಬರುತ್ತಿದ್ದ ಬಿಳಿ ಕೋಟಿನ ಹೆಂಗಸನ್ನು ನೋಡಿ, “ಯಾರವ್ವ ನೀನು? ಏನಾಗ್ಬೇಕು?” ಎಂದು ಕೇಳುತ್ತಲೇ ಇದ್ದ. ಉತ್ತರ ಕೊಡಲು ಬಾಯಿ ಖಾಲಿಯಿರಲಿಲ್ಲ. ಅವಳು ಅವನ ಮುಂದೆಯೇ ಮಣ್ಣಿನಲ್ಲಿ ಮಂಡಿಯೂರಿ, ಕೊಯ್ದ ಗಡ್ಡೆಯ ಬೆಳ್ಳನೆಯ ಗಾಯಕ್ಕೆ ಮುಖವಿಟ್ಟು, ಮೈಯಲ್ಲಿದ್ದ ಹೇಸಿಗೆಯನ್ನೆಲ್ಲ ಒಟ್ಟುಗೂಡಿಸಿ ಉಗಿದಳು.